ಹೊನಗೊನ್ನಿ ತಿನ್ನೋ ಸೊಪ್ಪು, ಕಣ್ಣಿಗೆ ಹಿಂಡೋದಲ್ಲ

ಹೊಳಲು
೯-೯-೨೦೨೪

ಪ್ರೀತಿಯ ಮಗ ಭೀಮೇಶಗ,

ಹ್ಯಾಂಗದೀಯಪ್ಪಾ? ಸೊಂಟನೋವು ಕಡಿಮಿ ಆತಾ? ಹುಬ್ಬಳ್ಳ್ಯಾಗ ಸೊಸಿ, ಕೂಸು ಆರಾಮ ಅದಾರಂತ ತಿಳಕೊಂಡೀನಿ. ನನಗಂತೂ ನಾಲ್ಕು ದಿನದಿಂದ ಸಿಟ್ಟಿಗೆ ಅನ್ನ ಇಳಿದಿಲ್ಲ. ಫೋನ್ ಹಚ್ಚಿದ್ರ ನಡುವ ಕಟ್ ಮಾಡ್ತಿ, ಅದಕ್ಕ ಬರಿಯಾಕತ್ತೀನಿ. ಪೂರ್ತಿ ಓದು.

ಯುಗಾದಿಗೆ ಬಂದಾಗ, ನಲ್ಲಿ ಕಟ್ಟಿ ಮಗ್ಗಲ ನಾನು ಹೊನಗೊನ್ನಿ ಸೊಪ್ಪು ಚಿವುಟೋದನ್ನ ಫೋನಿನ್ಯಾಗ ಹಿಡಕೊಂಡ್ಯಲ್ಲ? ನಾ ಹೇಳಿದ್ದು ಇಷ್ಟು: ಒಂದು ಕಡ್ಡಿ ಊರಿ ನೀರಿನ ಪಸಿ ಇಟ್ರ ವರ್ಷಗಟ್ಲೆ ಚಿಗುರತೈತಿ; ಹೆಸರುಬ್ಯಾಳಿ ಹಾಕಿ ಪಲ್ಯ ಮಾಡಿ ರೊಟ್ಟಿ ಜೋಡಿ ತಿನ್ರಿ, ಕಣ್ಣಿಗೆ ಚಲೋ. ನೀ ಆ ವಿಡಿಯೋದಾಗ ನನ್ನ ಮಾತು ಕತ್ತರಿಸಿ, ನನ್ನ ಮಾರಿ ತೋರಿಸಿ, ನಿನ್ನ ಧ್ವನಿ ಹಚ್ಚಿ ಊರಿಗೆಲ್ಲಾ ಬಿಟ್ಟಿ: 'ಇದರ ರಸ ದಿನಾ ಎರಡು ಹನಿ ಕಣ್ಣಿಗೆ ಬಿಟ್ರೆ ಕನ್ನಡಕವೇ ಬೇಡ.' ಯಾವಾಗ ಹೇಳಿದ್ನೋ ಹಂಗ? ನಿಮ್ಮಜ್ಜಿ ಕಾಲದಿಂದ ತಿಂತೀವಿ, ಒಬ್ರೂ ಕಣ್ಣಾಗ ಹಿಂಡಿಲ್ಲ.

ಅದನ್ನ ನೋಡಿ ಮಗ್ಗಲ ಮನಿ ಕನಕಮ್ಮ ಹಿಂಡಿಕೊಂಡ್ಲು. ನಿನ್ನ ಎತ್ತಿ ಆಡಿಸಿದಾಕಿ, ಇವತ್ತಿಗೂ ಮಲ್ಲಿಗಿ ಕಟ್ಟಿ ಹಡಗಲಿ ಬಸ್ಸಿಗೆ ಹಾಕ್ತಾಳಲ್ಲ, ಅದ ಕನಕಮ್ಮ. ನಾಲ್ಕನೇ ದಿನಕ್ಕ ಬಲಗಣ್ಣು ಕೆಂಪಗಾಗಿ ಕೀವು ಬಂತು. ನಾನೇ ದಾವಣಗೆರಿಗೆ ಕರಕೊಂಡು ಹೋದೆ. ಕರಿಗುಡ್ಡಿ ಮ್ಯಾಲ ಹುಣ್ಣಾಗೈತಿ, ವಾಸಿ ಆದ್ರೂ ಬಿಳಿ ಕಲೆ ಉಳೀತೈತಿ, ಮೊದಲಿನಂಗ ಕಾಣಂಗಿಲ್ಲ ಅಂದ್ರು ಡಾಕ್ಟರಮ್ಮ. ವಾಪಸ್ ಬಸ್ಸಿನ್ಯಾಗ ನಾ ರೇಗಿದೆ: 'ಗ್ವಾಡಿ ಆಚಿಗೆ ಇದ್ದೆ, ನನ್ನ ಒಂದು ಮಾತು ಕೇಳಬಾರದಿತ್ತಾ?' ಆಕಿ ಸಾವಕಾಶ ಅಂದ್ಲು: 'ನಿನ್ನ ಮಾರಿನ ಇತ್ತಲ್ಲವ್ವಾ ಅದ್ರಾಗ. ಇನ್ನೇನು ಕೇಳ್ಲಿ?'

ಅವತ್ತ ನಿನಗ ಫೋನ್ ಮಾಡಿದ್ರ ಏನಂದಿ? 'ಎರಡು ಲಕ್ಷ ಮಂದಿ ನೋಡ್ಯಾರವ್ವಾ, ತೆಗಿಯಾಕ ಆಗಂಗಿಲ್ಲ.' ಲೇ, ಅಷ್ಟು ಮಂದಿ ನೋಡ್ಯಾರಂತನ ತೆಗಿ ಅನ್ನಾಕತ್ತೀನಿ! ಮೂವತ್ತು ವರ್ಷ ಅಂಗನವಾಡ್ಯಾಗ ಇದ್ದಾಕಿ ನಾನು. ನಾ ಕೊಟ್ಟಿದ್ದನ್ನ ತಾಯಂದ್ರು ಕಣ್ಣು ಮುಚ್ಚಿ ಕೂಸಿನ ಬಾಯಿಗೆ ಹಾಕ್ತಿದ್ರು. ಆ ನಂಬಿಕಿನ ನೀ ಕದ್ದಿ.

ದೇವರು ನಿನಗ ಆರೋಗ್ಯ ಕೊಡ್ಲಿ, ಜೋಡಿಗೆ ಬುದ್ಧಿನೂ ಕೊಡ್ಲಿ. ಕೂಸಿಗೆ ನನ್ನ ಮುತ್ತು.

ನಿನ್ನವ್ವ,
ಮಾಳಮ್ಮ

ತಾ.ಕ.: ಲಕೋಟಿ ಅಂಟಿಸೋದ್ರಾಗ ಹೇಳಿಬಿಡ್ತೀನಿ. ಇವತ್ತು ಮುಂಜಾನಿ ಕನಕಮ್ಮನ ಬಾಜು ಕುಂತು, ಆಕಿ ಮಗಳು ಮಾಲಾನ ಫೋನಿನ್ಯಾಗ ನಾನೂ ಒಂದು ವಿಡಿಯೋ ಮಾಡಿಸೀನಿ. 'ರಸ ಕಣ್ಣಿಗೆ ಬಿಡಬ್ಯಾಡ್ರಿ, ಆ ವಿಡಿಯೋ ಸುಳ್ಳು, ಸುಳ್ಳು ಹೇಳಿದಾವ ನನ್ನ ಮಗ ಭೀಮೇಶ' ಅಂತ ಹೆಸರು ಹಿಡಿದು ಹೇಳೀನಿ. ಆಗಲೇ ಎಲ್ಲಾ ಕಡಿಗೆ ಹೋಗೈತಿ. ಐತವಾರ ಬಾ. ಮೊದಲು ಕನಕಮ್ಮನ ಮನಿಗೆ ಹೋಗು, ಆಮ್ಯಾಗ ನಮ್ಮನಿ ಬಾಗಲಾ ಬಡಿ.