ಜಾಕಿ ರಾಡಿಗೆ ಕುಂಕುಮ

ಆರ್‌ಪಿಸಿ ಲೇಔಟ್, ವಿಜಯನಗರ
ಸೆಪ್ಟೆಂಬರ್ 22, 2025

ಕೊಟ್ರೇಶ್ ಅವರಿಗೆ, ಶರಣು.

ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಂದೇ ಸಲ. ಅದೂ ಒಡಪಿನಲ್ಲಿ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದಕ್ಕೆ. ಆಮೇಲೆ ‘ರೀ’ ಎನ್ನುವುದರಲ್ಲೇ ಕಾಲ ಕಳೆಯಿತು. ಈಗ ಬರೆದು ನೋಡಿದೆ, ಆಕಾಶವೇನೂ ಕಳಚಿ ಬೀಳಲಿಲ್ಲ. ಇತ್ತ ನಾನೂ ಮಗಳು ಐಶ್ವರ್ಯಳೂ ಕ್ಷೇಮ. ಅತ್ತ ದಾವಣಗೆರೆಯ ಕ್ಷೇಮ ಸಮಾಚಾರ ಬರೆಯುವ ತೊಂದರೆಯನ್ನು ನೀವು ತೆಗೆದುಕೊಳ್ಳಬೇಡಿ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನನ್ನ ಒಂದು ಮಾತು ಮುಗಿಯುವಷ್ಟರಲ್ಲಿ ನಿಮ್ಮ ಹತ್ತು ಶುರುವಾಗಿರುತ್ತವೆ. ಕಾಗದದ ಮೇಲೆ ನೀವು ಎಷ್ಟು ಕೂಗಾಡಿದರೂ ಕೇಳಿಸುವುದು ನೀವೀಗ ಇರುವ ನಿಮ್ಮ ಅಣ್ಣನ ಮನೆಯವರಿಗೆ ಮಾತ್ರ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಬೆಂಜ್ ಗಾಡಿ ಸಿದ್ಧವಾಗಿದೆ. ನಿಮ್ಮ ದೊಡ್ಡಪ್ಪ ಶಂಭುಲಿಂಗಪ್ಪನವರ ಮುಂದೆ ಆದ ಮಾತು ನೆನಪಿರಬೇಕಲ್ಲ. ನಾನು ಒಡೆದ ಗಾಡಿಯನ್ನು ನಾನೇ ಮೊದಲಿನಂತೆ ಮಾಡಿಸಿಕೊಡಬೇಕು. ನೀವು ವಿಚ್ಛೇದನದ ಅರ್ಜಿಗೆ ಸಹಿ ಹಾಕಿ, ಗಾಡಿ ತೆಗೆದುಕೊಂಡು ಹೋಗಬೇಕು. ಆಮೇಲೆ ಈ ಮನೆಯ ಬಾಗಿಲಿಗೆ ಬರಬಾರದು. ನನ್ನ ಪಾಲಿನದನ್ನು ನಾನು ಮುಗಿಸಿದ್ದೇನೆ. ಆಯುಧಪೂಜೆಯ ದಿನ ಬಂದು ನಿಮ್ಮ ಪಾಲಿನದನ್ನು ಮುಗಿಸಿ.

ಆದರೆ ಹೋದ ವಾರ ನೀವು ಬೇರೆ ಮಾತು ಹೇಳಿಕಳಿಸಿದ್ದೀರಿ. ಸಹಿಗಿಹಿ ಏನೂ ಬೇಡ, ಮೂವರೂ ಅದೇ ಗಾಡಿಯಲ್ಲಿ ಕೂತು ಕೊಟ್ಟೂರಿಗೆ ಹೋಗಿ ಬರೋಣ, ಎಲ್ಲ ಮರೆತು ಹೊಸದಾಗಿ ಸಂಸಾರ ಮಾಡೋಣ ಎಂದು. ದೊಡ್ಡಪ್ಪನವರೂ ಕರಗಿಬಿಟ್ಟರು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ಲವೇನಮ್ಮಾ’ ಎಂದರು. ನಾವು ಉಂಡು ಮಲಗಿ ಒಂದು ವರ್ಷವಾಯಿತು ದೊಡ್ಡಪ್ಪಾ, ಜಗಳ ಇನ್ನೂ ಎದ್ದೇ ಕೂತಿದೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಹೋದರು.

ಊರಲ್ಲಿ ನೀವು ಹೇಳಿಕೊಂಡು ತಿರುಗುವುದೂ ಕಿವಿಗೆ ಬಿದ್ದಿದೆ. ಹೆಂಡತಿಗೆ ತಲೆ ಕೆಟ್ಟಿತು, ಅಪ್ಪ ಎಣ್ಣೆ ಮಿಲ್ ನಡೆಸುವಾಗ ಕೊಂಡಿದ್ದ ಗಾಡಿಯನ್ನು ಹಬ್ಬದ ದಿನ ಪುಡಿ ಮಾಡಿದಳು ಅಂತ. ತಲೆ ಕೆಟ್ಟಿದ್ದು ನಿಜ. ಆದರೆ ಕಥೆಯನ್ನು ಮಧ್ಯದಿಂದ ಶುರು ಮಾಡಬೇಡಿ.

ಶುರುವಾಗಿದ್ದು ಹೋದ ವರ್ಷದ ಗೌರಿ ಹಬ್ಬದ ಹಿಂದಿನ ದಿನ. ಮಾರ್ಕೆಟ್ಟಿನಿಂದ ಬಂದವಳು ಗೇಟು ಹಾಕಲು ತರಕಾರಿ ಚೀಲವನ್ನು ಗಾಡಿಯ ಬಾನೆಟ್ ಮೇಲೆ ಇಟ್ಟೆ. ಚೀಲದ ಜಿಪ್ಪು ತಾಗಿ ಉಗುರಿನಷ್ಟು ಗೀರು ಬಿತ್ತು. ನೀವು ಡಿಕ್ಕಿಯಿಂದ ಜಾಕಿ ರಾಡು ತೆಗೆದು ನನ್ನ ಬೆನ್ನಿನ ಮೇಲೆ ಹೊಡೆದಿರಿ. ಮೊದಲನೆಯ ಪೆಟ್ಟಿಗೆ ಬಗ್ಗಿದೆ, ಎರಡನೆಯದಕ್ಕೆ ಬಿದ್ದೆ. ಬೀನ್ಸು, ಟೊಮೇಟೊ ಎಲ್ಲ ಗಾಡಿಯ ಕೆಳಗೆ ಉರುಳಿದವು. ಐಶ್ವರ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾರನೆಯ ದಿನ ಬೆನ್ನು ನೆಟ್ಟಗೆ ಮಾಡಲಾಗದೆ ನಾನು ಕೂತೇ ಬಾಗಿನ ಕೊಟ್ಟೆ. ನೀವು ಆ ಗೀರಿಗೆ ಪಾಲಿಷ್ ಹಚ್ಚುತ್ತಾ ಹೊರಗಿದ್ದಿರಿ.

ಆಮೇಲೆ ಆಯುಧಪೂಜೆ. ಗಾಡಿಗೆ ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಜಮಖಾನದ ಮೇಲೆ ನನ್ನ ಹೊಲಿಗೆ ಯಂತ್ರ, ಕತ್ತರಿ, ನಿಮ್ಮ ಸ್ಪ್ಯಾನರುಗಳು, ಜಾಕಿ, ಅದರ ಪಕ್ಕದಲ್ಲಿ ಅದೇ ರಾಡು. ತೊಳೆದು ಒರೆಸಿ ಇಟ್ಟಿದ್ದಿರಿ. ಐಶ್ವರ್ಯ ತಟ್ಟೆ ಹಿಡಿದು ಒಂದೊಂದಕ್ಕೂ ವಿಭೂತಿ ಹಚ್ಚಿ ಕುಂಕುಮ ಇಡುತ್ತಾ ಬಂದಳು. ರಾಡಿನ ಹತ್ತಿರ ಬಂದವಳು ಅದನ್ನು ದಾಟಿ ಮುಂದೆ ಹೋದಳು. ‘ಅದಕ್ಕೆ ಯಾಕೆ ಇಡ್ಲಿಲ್ಲ?’ ಎಂದಿರಿ. ‘ಅಮ್ಮನ್ನ ಹೊಡ್ದಿದ್ದಕ್ಕೆ ನಾನು ಕುಂಕುಮ ಇಡಲ್ಲ’ ಎಂದಳು. ಜೋರಾಗಿಯೂ ಹೇಳಲಿಲ್ಲ ಅವಳು.

ನೀವು ಅದೇ ರಾಡು ಎತ್ತಿ ಅವಳ ಎಡಗೈಗೆ ಹೊಡೆದಿರಿ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮೊಣಕೈಯ ಕೆಳಗೆ ಕೈ ಬಾಗಬಾರದ ಕಡೆಗೆ ಬಾಗಿತ್ತು. ತಟ್ಟೆ ಹಾರಿ ವಿಭೂತಿ, ಕುಂಕುಮ, ಎಣ್ಣೆ ಎಲ್ಲ ಗಾಡಿಯ ಮೇಲೆ ಚೆಲ್ಲಿತು. ಮಗು ನೆಲದ ಮೇಲೆ ಉರುಳಾಡಿ ಕಿರುಚುತ್ತಿದೆ. ನೀವು ರಾಡು ಬಿಸಾಕಿ, ಓಡಿಹೋಗಿ ಹೆಗಲ ಮೇಲಿನ ಶಲ್ಯ ತೆಗೆದು ಬಾನೆಟ್ ಒರೆಸಿದಿರಿ.

ನಾನು ರಾಡು ಎತ್ತಿಕೊಂಡಿದ್ದು ಅದನ್ನು ನೋಡಿ. ಇದನ್ನು ಊರಿನಲ್ಲಿ ಹೇಳಿದ್ದೀರಾ?

ಮೊದಲು ಮುಂದಿನ ಗಾಜು. ಆಮೇಲೆ ದೀಪಗಳು. ನೀವು ದಿನಾ ಬೆಳಗ್ಗೆ ಹತ್ತಿಯಲ್ಲಿ ಉಜ್ಜುತ್ತಿದ್ದ ಮೂತಿಯ ಮೇಲಿನ ನಕ್ಷತ್ರವನ್ನು ಹೊಡೆದ ಹೊಡೆತಕ್ಕೆ ಅದು ರಸ್ತೆಗೆ ಹೋಗಿ ಬಿತ್ತು. ನೀವು ನನ್ನನ್ನು ಹಿಡಿಯಲು ಬಂದಿರಿ. ರಾಡನ್ನು ನಿಮ್ಮ ಕಡೆ ತಿರುಗಿಸಿದೆ, ನೀವು ಅಲ್ಲೇ ನಿಂತುಬಿಟ್ಟಿರಿ. ಅಷ್ಟು ಮಾಡಿದರೆ ಸಾಕು ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಮತ್ತೆ ಗಾಡಿಯ ಕಡೆ ತಿರುಗಿ ಬಾಗಿಲು, ಮಡ್‌ಗಾರ್ಡು, ಮೇಲಿನ ತಗಡು, ತೋಳು ಸೋಲುವ ತನಕ ಹೊಡೆದೆ. ಎದುರು ಮನೆಯ ಲತಾ ಮಹಡಿಯಿಂದ ಕೂಗಿದಳು: ‘ಜಗದಾಂಬಾ ಆಂಟಿ, ಎಷ್ಟು ಕುಂಬ್ಳಕಾಯಿ ಒಡೀತೀರಾ?’ ನೀವು ಗಾಜಿನ ಚೂರುಗಳ ಮೇಲೆ ಕೂತು ಮಡ್‌ಗಾರ್ಡು ತಬ್ಬಿಕೊಂಡು ಅತ್ತಿರಿ. ನಮ್ಮಿಬ್ಬರ ಮೇಲೆ ಕೈ ಮಾಡಿದ ಯಾವ ದಿನವೂ ನಿಮ್ಮ ಕಣ್ಣಲ್ಲಿ ನಾನು ನೀರು ಕಂಡಿರಲಿಲ್ಲ.

‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೇನಮ್ಮಾ’ ಎಂದು ದೊಡ್ಡಪ್ಪನವರು ಅವತ್ತು ನನಗೆ ಬುದ್ಧಿ ಹೇಳಿದರು. ಮಗಳ ಕೈಯ ಬಗ್ಗೆ ಅಂತ ತಿಳಿದೆ. ಅವರು ಹೇಳಿದ್ದು ಗಾಡಿಯ ಬಗ್ಗೆ.

ಗಾಡಿಯ ಮೂಗು ಬಂದಿದೆ, ಕೇಳಿ. ದೀಪಾಂಜಲಿ ನಗರದಲ್ಲಿ ಹಳೆಯ ಕಾರುಗಳ ಟಿಂಕರಿಂಗ್ ಮಾಡುವ ಮುನಿರಾಮಯ್ಯನವರ ಶೆಡ್ಡಿಗೆ ಎಳೆಸಿಕೊಂಡು ಹೋದೆ. ‘ಏನಮ್ಮಾ ಇದು, ಲಾರಿಗೇನಾದ್ರೂ ಗುದ್ದುಬುಡ್ತಾ?’ ಎಂದರು. ಇಲ್ಲ, ನಾನೇ ಹೊಡೆದಿದ್ದು ಎಂದೆ. ಆ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲೆಅಡಿಕೆ ಉಗುಳಿ ಬಂದು, ನನ್ನ ಕೈಗೊಂದು ಸುತ್ತಿಗೆ ಕೊಟ್ಟರು. ‘ಹಂಗಾದ್ರೆ ಎತ್ತೋಕೂ ನೀವೇ ಕೈ ಹಾಕಿ.’ ತಮಾಷೆಗೆ ಅಂದಿದ್ದಿರಬೇಕು. ನಾನು ನಿಜವಾಗಿಯೂ ಕೈ ಹಾಕಿದೆ. ಹೊಲಿಗೆ ಕೆಲಸ ಇಲ್ಲದ ದಿನಗಳಲ್ಲಿ ಬೆಳಗ್ಗೆ ಹೋಗಿ ಊಟದ ಹೊತ್ತಿನವರೆಗೆ ಅಲ್ಲೇ ಇರುತ್ತಿದ್ದೆ.

ಡೆಂಟು ತೆಗೆಯುವುದೆಂದರೆ ಹೊರಗಿನಿಂದ ಬಿದ್ದ ಪೆಟ್ಟಿಗೆ ಒಳಗಿನಿಂದ ಪೆಟ್ಟು ಕೊಡುವುದು. ಹೊರಗಡೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು ಒಳಗಿನಿಂದ ಸಣ್ಣಸಣ್ಣಗೆ ತಟ್ಟಬೇಕು. ನಾನು ತಟ್ಟುವಾಗ ನನ್ನ ಕಣ್ಣಿಗೆ ತಗಡು ಕಾಣುತ್ತಿರಲಿಲ್ಲ, ನಿಮ್ಮ ಮುಖ ಕಾಣುತ್ತಿತ್ತು. ಒಂದು ದಿನ ಬಾಗಿಲಿನ ತಗಡು ಹೊರಗಡೆಗೆ ಉಬ್ಬಿಯೇ ಹೋಯಿತು. ‘ನಿಧಾನಕ್ಕಮ್ಮಾ, ಅದು ನಿಮ್ಮ ಯಜಮಾನ್ರಲ್ಲ’ ಎಂದರು ಮುನಿರಾಮಯ್ಯ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತೆಂದರೆ, ಕೆನ್ನೆ ನೋಯಿತು.

ಹಾಲು ಬಿಳುಪಿನ ಬಣ್ಣ ಮೊದಲಿದ್ದದ್ದೇ. ಮುಂದಿನ ಗಾಜು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು, ನಕ್ಷತ್ರವೂ ಅಲ್ಲಿಯದೇ. ಕಾಲಡಿಯ ತಗಡು ತುಕ್ಕು ಹಿಡಿದು ಕೈ ಇಟ್ಟರೆ ಪುಡಿಯಾಗುತ್ತಿತ್ತು, ಕತ್ತರಿಸಿ ಹೊಸದು ಬೆಸೆಸಿದೆ. ಮೇಲೆ ಪಾಲಿಷು, ಕೆಳಗೆ ತುಕ್ಕು, ನಿಮ್ಮ ಗಾಡಿಯಲ್ಲವೇ. ಸೀಟುಗಳನ್ನು ನಾನೇ ಹೊಲಿದೆ. ಎಡಗಡೆಯ ಮುಂದಿನ ಸೀಟಿನ ಹಳೆಯ ಹೊದಿಕೆಯ ಮೇಲೆ ಒಂದು ಕಂದು ಕಲೆ ಇತ್ತು. ಅದು ಕಾಫಿ ಎಂದು ಎಲ್ಲರಿಗೂ ಹೇಳುತ್ತಿದ್ದಿರಿ. ನನ್ನ ಮೂಗಿನ ರಕ್ತಕ್ಕೆ ಕಾಫಿಯ ಬಣ್ಣ ಬರುವುದಕ್ಕೆ ಎರಡು ಬೇಸಿಗೆ ಬೇಕಾಯಿತು.

ಕೀ ತಿರುಗಿಸಿದರೂ ಎಂಜಿನ್ ನಿಲ್ಲದ ಆ ರೋಗ ಹೋಗಿದೆ. ಗಾಳಿ ಎಳೆಯುವ ರಬ್ಬರ್ ಪೈಪುಗಳು ಬಿರುಕು ಬಿಟ್ಟಿದ್ದವು, ಅಷ್ಟೇ. ಅಷ್ಟಕ್ಕೆ ನಾನು ಎಷ್ಟು ವರ್ಷ ಬಾನೆಟ್ ಎತ್ತಿ, ಒಳಗೆ ಕೈ ಹಾಕಿ ಲಿವರ್ ಒತ್ತಿ ಎಂಜಿನ್ ನಿಲ್ಲಿಸಿದೆ. ಒಂದು ದಿನ ತಡಮಾಡಿದೆ ಎಂದು ಕೈ ಒಳಗಿರುವಾಗಲೇ ಬಾನೆಟ್ ಹಾಕಿದಿರಿ. ನಡುಬೆರಳಿನ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ಕೆಟ್ಟದ್ದರಲ್ಲಿ ಒಂದೇ ಒಂದನ್ನು ಬೇಕೆಂದೇ ಸರಿಮಾಡಿಸಿಲ್ಲ. ನಿಮ್ಮ ಬಾಗಿಲು ಲಾಕ್ ಮಾಡಿದರೆ ನಾಲ್ಕೂ ಬಾಗಿಲು ಒಟ್ಟಿಗೆ ಬೀಳುತ್ತಿದ್ದ ಆ ಲಾಕು. ಆ ಸದ್ದು ಕೇಳಿದರೆ ಐಶ್ವರ್ಯ ಹಿಂದಿನ ಸೀಟಿನಲ್ಲಿ ಮಂಡಿಯ ಮೇಲೆ ತಲೆ ಇಟ್ಟುಕೊಳ್ಳುತ್ತಿದ್ದಳು. ಅದು ಬಿದ್ದ ಮೇಲೆ ನಿಮ್ಮ ಕೈ ಬೀಳುತ್ತಿತ್ತು, ಇಲ್ಲವೆಂದರೆ ಕೆಂಗೇರಿ ದಾಟಿದ ಮೇಲೆ ಆಟ ಶುರುವಾಗುತ್ತಿತ್ತು. ಮುಂದಿನ ಲಾರಿಯ ಹಿಂಭಾಗಕ್ಕೆ ನೇರ ಗಾಡಿ ಬಿಡುವುದು. ಲಾರಿಯ ನಂಬರು ದೊಡ್ಡದಾಗುತ್ತಾ ಬರುವಾಗ ನನ್ನ ಕಡೆ ತಿರುಗಿ, ನಗುತ್ತಾ, ‘ಬ್ರೇಕ್ ಹಾಕ್ಲಾ, ಬೇಡ್ವಾ?’ ನಾನು ಕೈ ಮುಗಿದು ಹಾಕಿ ಎನ್ನಬೇಕು. ಮಗಳೂ ಎನ್ನಬೇಕು. ಆಮೇಲೆ ಹಾಕುತ್ತಿದ್ದಿರಿ. ಮನೆಗೆ ಬಂದು ಬೆವರಿದ ಬಟ್ಟೆ ಬದಲಿಸಿ ನಿಮಗೆ ರೊಟ್ಟಿ ಬಡಿಯುತ್ತಿದ್ದೆ. ಆ ಗಾಡಿಯಲ್ಲಿ ಕೂತು ಕೊಟ್ಟೂರಿಗೆ ಹೋಗೋಣ ಎನ್ನುತ್ತೀರಲ್ಲ!

ನಾನೀಗ ಗಾಡಿ ಬಿಡುತ್ತೇನೆ. ಹೆಂಗಸು ಸ್ಟೇರಿಂಗ್ ಮುಟ್ಟಿದರೆ ಬೆಂಜಿಗೆ ಅವಮಾನ ಎನ್ನುತ್ತಿದ್ದಿರಿ. ಚಂದ್ರಾ ಲೇಔಟಿನಲ್ಲಿ ಕಲಿತೆ. ಹೋದ ಭಾನುವಾರ ಐಶ್ವರ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಗೇರಿಯವರೆಗೆ ಹೋಗಿ ಬಂದೆ. ಅವಳ ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲವಂತೆ, ಡಾಕ್ಟರು ಹೇಳಿಯಾಯಿತು. ಆ ಸೊಟ್ಟ ಕೈಯನ್ನೇ ಕಿಟಕಿಯ ಹೊರಗೆ ಚಾಚಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದಳು. ಗಾಡಿ ಇಷ್ಟು ಚೆನ್ನಾಗಿ ಓಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೊಡಲು ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ನೀವು ತೊಲಗುವುದಾದರೆ ಇಂಥ ಹತ್ತು ಬೆಂಜ್ ಕೊಡುತ್ತೇನೆ.

ಆದ್ದರಿಂದ ಹಬ್ಬದ ದಿನ ದೊಡ್ಡಪ್ಪನವರ ಜೊತೆ ಬನ್ನಿ. ಗಾಡಿ ಗೇಟಿನ ಹೊರಗೆ ನಿಂತಿರುತ್ತದೆ, ಒಳಗೆ ಕಾಲಿಡುವ ಅಗತ್ಯವಿಲ್ಲ. ಇದು ನಮ್ಮಪ್ಪ ನನ್ನ ಹೆಸರಿಗೆ ಬರೆದ ಮನೆ, ಗೇಟೂ ನನ್ನದೇ. ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಹಾಕಿ, ಕೀ ತೆಗೆದುಕೊಳ್ಳಿ. ಗೀರು ಬಿದ್ದರೆ ನಾನೇನೂ ಹೊಡೆಯುವುದಿಲ್ಲ. ಡಿಕ್ಕಿಯಲ್ಲಿ ಜಾಕಿ ಇದೆ, ಸ್ಪ್ಯಾನರುಗಳಿವೆ, ಸ್ಟೆಪ್ನಿಯಿದೆ. ರಾಡು ಮಾತ್ರ ಇರುವುದಿಲ್ಲ, ಅದು ಐಶ್ವರ್ಯಳ ಹತ್ತಿರ ಇರುತ್ತದೆ. ಈ ಸಲ ಅದಕ್ಕೆ ಎಲ್ಲಕ್ಕಿಂತ ಮೊದಲು ಕುಂಕುಮ ಇಡುತ್ತಾಳಂತೆ. ಇಟ್ಟು, ಬಾಗಿಲಲ್ಲಿ ನಿಂತಿರುತ್ತಾಳಂತೆ.

ಇಷ್ಟೇ.

ಜಗದಾಂಬಾ

ಮರೆತ ಮಾತು: ಬ್ರೇಕಿನ ಬಗ್ಗೆ ಬರೆಯಲೇ ಇಲ್ಲ. ಹಳೆಯ ಪೈಪುಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿದ್ದೇವೆ. ಹಾಕುವ ದಿನ ಮುನಿರಾಮಯ್ಯನವರು ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಚಕ್ರದ ಹತ್ತಿರ ಕೂತಿದ್ದೆ, ಕೈಯಲ್ಲಿ ಸ್ಪ್ಯಾನರು, ಎದುರಿಗೆ ಇನ್ನೂ ಬಿಗಿ ಮಾಡದ ನಟ್ಟು. ಅದನ್ನು ಹಾಗೇ ಬಿಟ್ಟರೆ: ಕೆಂಗೇರಿಯ ಆಚೆ ನೀವೊಬ್ಬರೇ, ಎದುರಿಗೆ ಲಾರಿ, ಕಾಲು ಒತ್ತುತ್ತಿದ್ದೀರಿ, ಗಾಡಿ ನಿಲ್ಲುತ್ತಿಲ್ಲ. ನಿಮ್ಮ ಮುಖ ನನಗೆ ಚೆನ್ನಾಗಿ ಕಂಡಿತು. ತುಂಬ ಹೊತ್ತು ನೋಡುತ್ತಾ ಕೂತೆ. ಆಮೇಲೆ ಯೋಚಿಸಿದೆ: ಇವರು ಸತ್ತರೆ ಗೋಡೆಗೆ ಫೋಟೋ ಹಾಕಬೇಕು, ವರ್ಷವರ್ಷ ವಿಭೂತಿ ಹಚ್ಚಿ ಹೂ ಇಡಬೇಕು, ಅದು ನನ್ನ ಕೈಲಾಗದು. ನಟ್ಟು ಬಿಗಿ ಮಾಡಿದೆ. ನಾನೇ, ನನ್ನ ಕೈಯಿಂದಲೇ.

ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಯಾವ ಗ್ಯಾರೇಜಿನಲ್ಲಿ ಬೇಕಾದರೂ ತೋರಿಸಿ, ಅವರೂ ಅದನ್ನೇ ಹೇಳುತ್ತಾರೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ನೀವು ನಂಬಿದವರಲ್ಲ. ಇನ್ನು ಮೇಲೆ ಎದುರಿಗೆ ಲಾರಿ ಕಂಡಾಗಲೆಲ್ಲ ಇದೊಂದನ್ನು ನಂಬಿ, ಕಾಲು ಒತ್ತಿ.