ಬಾಗಿಲಿಗೊರಗಿದ ಕೆಸರಿನ ಮೂಟೆ

ಹದಿನಾಲ್ಕು, ಮಂಗಳವಾರ

ನನ್ನ ದಿನಚರಿ ಕದ್ದು ಓದುವ ಸೊಸೆಯೇ, ನಾಚಿಕೆಯಿಲ್ಲವೇ ನಿನಗೆ? ಓದು, ಓದಿ ನಿನ್ನ ಗಂಡನಿಗೂ ಹೇಳು. ನಲ್ಲಿಗಳಿಗೆ ನಿಕ್ಕಲ್ ಹೊಳಪು ಕೊಡುವ ಅವನ ಶೆಡ್ಡಿನ ವಿಷನೀರಿಗೆ ಸುಣ್ಣ ಕಲಸಿದರೆ ಲೋಹವೆಲ್ಲ ಕೆಸರಾಗಿ ತಳಕ್ಕೆ ಕೂರುತ್ತದೆ, ತಿಳಿನೀರು ಹೊರಗೆ ಹೋಗುತ್ತದೆ. ಕೆಸರು ಮಾತ್ರ ಮೂಟೆಯಾಗಿ ನನ್ನ ಹಿತ್ತಲ ಬಾಗಿಲಿಗೆ ಒರಗಿದೆ, ಬಾಗಿಲು ತೆರೆಯುವಂತಿಲ್ಲ. ಮುಂಬಾಗಿಲ ಮೆಟ್ಟಿಲು ಇಳಿಯಲು ನನ್ನ ಮಂಡಿ ಒಪ್ಪುವುದಿಲ್ಲ. ಬಿಸಿಲು ಕಂಡು ಎಷ್ಟು ದಿನವಾಯಿತೋ!

“ಕೆಸರು ಒಯ್ಯೋ ಲಾರಿಯವ್ರು ಬರ್ತಾನೇ ಇಲ್ಲಮ್ಮ. ಮಳೆ ಬಂದಾಗ ಚರಂಡಿಗೆ ಬಿಟ್ಬಿಡ್ಲಾ?” ಎಂದ ನಿನ್ನ ಗಂಡ ಇವತ್ತು.

“ಕೆಳಗಿನ ಬೀದಿ ಮಕ್ಕಳು ಆ ನೀರಲ್ಲೇ ಆಡ್ತವೆ ಕಣೋ, ಕಟುಕ! ನನ್ನ ಬಾಗಿಲಲ್ಲೇ ಬಿದ್ದಿರ್ಲಿ!” ಎಂದುಬಿಟ್ಟೆ.

ಈಗ ನಾನೇ ಹಾಕಿಕೊಂಡ ಬೀಗದೊಳಗೆ ಉಸಿರು ಕಟ್ಟಿ ಕೂತಿದ್ದೇನೆ. ಲಾರಿ ಕರೆಸುತ್ತೀರೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಇದೇ ಹಾಳೆಯ ಕೆಳಗೆ ಬರೆದಿಡು.