ಕರೆಗಂಟೆಯ ವೈರು

ಗುರುವಾರ, ಸಂಜೆ ಆರೂವರೆ

ಇವಳೇ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಎಂದರೆ ಈಗ ಈ ಮನೆಯಲ್ಲಿ ನಾನೊಬ್ಬನೇ. ಕ್ಷೇಮವಾಗಿದ್ದೇನೆ ಎಂದುಕೊ.

ಇವತ್ತು ಅಂಗಡಿಗೆ ಎರಡು ಮಿಕ್ಸಿ ಬಂದವು, ಒಂದು ಇಸ್ತ್ರಿಪೆಟ್ಟಿಗೆ ಬಂತು. ‘ರಿಪೇರಿ ಬೇಡ, ಯಾಕೆ ಕೆಟ್ಟಿತು ಅಂತ ಹೇಳಿದ್ರೆ ಸಾಕು’ ಎಂದು ರೇಡಿಯೋ ಹಿಡಿದುಕೊಂಡು ಒಬ್ಬ ಮುದುಕರು ಬೆಳಗ್ಗೆಯೆಲ್ಲ ಕೂತಿದ್ದರು. ಅವರನ್ನು ಕಳಿಸಿ, ಮಧ್ಯಾಹ್ನವೇ ಬಾಗಿಲು ಎಳೆದು ಮನೆಗೆ ಬಂದೆ. ಮೈ ಸೋತು ಹೋಗಿದೆ. ಆದರೂ ಈ ಕಾಗದವನ್ನು ನಾಳೆಗೆ ಇಟ್ಟರೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಅಣ್ಣನ ಮನೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನೀನು ಒಂದೇ ಮಾತು ಕೇಳಿದ್ದೆ. ‘ಅವತ್ತು ಬೆಲ್ಲು ಹೊಡೀತಾ, ಇಲ್ವಾ? ಅಷ್ಟು ಗೊತ್ತಾದ್ರೆ ನಂಗೆ ನಿದ್ದೆ ಬರುತ್ತೆ’ ಎಂದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಪುಟ ತಿರುಗಿಸುತ್ತ ನೀನು ಉಸಿರು ಹಿಡಿದುಕೊಂಡು ಕೂರುವುದು ಬೇಡ. ಹೊಡೆಯಲಿಲ್ಲ. ಹೊಡೆಯುವುದಕ್ಕೆ ಸಾಧ್ಯವೇ ಇರಲಿಲ್ಲ. ಇದು ನಿನ್ನ ಸಮಾಧಾನಕ್ಕೆ ಕಟ್ಟಿದ ಮಾತಲ್ಲ. ಹೇಗೆ ಗೊತ್ತಾಯಿತು ಎಂದು ಬರೆಯುತ್ತೇನೆ, ಓದಿ ನೀನೇ ತೂಗಿ ನೋಡು.

ಅಮ್ಮ ಹೋದ ಬೆಳಿಗ್ಗೆ, ರಾತ್ರಿ ಹೊತ್ತು ನಮ್ಮನ್ನು ಕರೆಯಲೆಂದು ಕೊಟ್ಟಿದ್ದ ಬೆಲ್ಲಿನ ಗುಂಡಿ ಅವಳ ಕೈಯಲ್ಲೇ ಇತ್ತು. ಅದನ್ನು ಕಂಡೇ ಅಕ್ಕ ಅಷ್ಟು ಜನರ ಮುಂದೆ ಅಂದದ್ದು: ‘ಅಮ್ಮ ಕರೆದಿದ್ದಾಳೆ. ಸೊಸೆ ಮಗ್ಗುಲು ಬದಲಾಯಿಸಿ ಮಲಗಿದ್ದಾಳೆ.’ ನಾನೂ ಅವಳ ಪಕ್ಕದಲ್ಲೇ, ಬೆಲ್ಲಿದ್ದ ಕೋಣೆಯಲ್ಲೇ ಮಲಗಿದ್ದೆ ಕಣೇ, ನನಗೂ ಕೇಳಿಸಲಿಲ್ಲ ಎಂದು ಹೇಳಿದೆ. ‘ಗಂಡಸರ ನಿದ್ದೆ ಬಿಡು, ಕುಂಭಕರ್ಣನ ಒಕ್ಕಲು’ ಎಂದಳು. ನನ್ನನ್ನು ಅಷ್ಟಕ್ಕೇ ಬಿಟ್ಟರು. ನಿನ್ನನ್ನು ಯಾರೂ ಬಿಡಲಿಲ್ಲ, ನೀನೂ ನಿನ್ನನ್ನು ಬಿಡಲಿಲ್ಲ. ವರ್ಷಗಟ್ಟಲೆ ಅಮ್ಮನ ಕೆಮ್ಮಿಗೆ ಎದ್ದವಳು ನೀನು. ಒಂದು ರಾತ್ರಿಯ ಮಾತು ಅದನ್ನೆಲ್ಲ ಒರೆಸಿ ಹಾಕಿತು.

ನೀನು ಹೋದ ಮೇಲೆ, ಕಪಾಟಿನೊಳಗೆ ಎತ್ತಿಟ್ಟಿದ್ದ ಬೆಲ್ಲನ್ನು ಹೊರಗೆ ತೆಗೆದೆ. ಹೊಸ ಬ್ಯಾಟರಿ ಹಾಕಿದೆ. ಮೇಜಿನ ಮೇಲೆ ಚೆನ್ನಾಗಿ ಹೊಡೆಯಿತು. ಗೋಡೆಯ ವೈರಿಗೆ ಸೇರಿಸಿ ಅಮ್ಮನ ಕೋಣೆಯಿಂದ ಗುಂಡಿ ಒತ್ತಿದರೆ ಸದ್ದಿಲ್ಲ. ಮೀಟರ್ ಹಿಡಿದು ನೋಡಿದೆ. ವೈರು ಗೋಡೆಯೊಳಗೆ ಎಲ್ಲೋ ತುಂಡಾಗಿದೆ. ನೇರ ಅಕ್ಕನ ಮನೆಗೆ ಹೋದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

‘ಯಾವಾಗ ತುಂಡಾಯ್ತಂತೆ? ಅದು ಹೇಳಿತಾ ನಿನ್ನ ಮೀಟರು?’ ಎಂದಳು.

‘ಅದು ಹೇಳಲ್ಲ ಅಕ್ಕಾ.’

‘ಹಂಗಾದ್ರೆ ಹೆಂಡ್ತಿ ಮೇಲಿನ ಮಾತು ತೊಳೆಯೋಕೆ ನಿನ್ನೆ ನೀನೇ ಕತ್ತರಿಸಿಲ್ಲ ಅಂತ ಏನು ಗ್ಯಾರಂಟಿ?’

ಅಮ್ಮನನ್ನು ಕಳೆದುಕೊಂಡವಳ ಮಾತು ಎಂದು ಎದ್ದು ಬಂದೆ. ಆದರೆ ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲಿ ತುಂಡಾಗಿದೆ ಎಂದು ಗೊತ್ತಾದರೆ, ಯಾವಾಗ ಎನ್ನುವುದೂ ಗೊತ್ತಾಗಬಹುದು. ಗೋಡೆ ಒಡೆಯೋಣವೆಂದರೆ ಬಾಡಿಗೆ ಮನೆ. ಮಾಲೀಕರಿಗೆ ಕ್ಯಾಲೆಂಡರ್ ನೇತುಹಾಕಲು ಒಂದು ಮೊಳೆ ಹೊಡೆದರೂ ಎದೆನೋವು ಬರುತ್ತದೆ, ನಿನಗೆ ಗೊತ್ತಲ್ಲ.

ಪಕ್ಕದ ಅಂಗಡಿಯ ಟೀವಿ ರಿಪೇರಿಯ ಸೋಡಾಬುಡ್ಡಿಯ ಹತ್ತಿರ ಹೇಳಿಕೊಂಡೆ. ಅವನು ದಪ್ಪ ಕನ್ನಡಕ ಹಣೆಗೆ ಏರಿಸಿಕೊಂಡು ನಕ್ಕ. ‘ಪಾಳುಬಾವಿ ಎಷ್ಟು ಆಳ ಅಂತ ಇಳಿದು ನೋಡ್ತೀಯೇನಯ್ಯಾ? ಕಲ್ಲು ಹಾಕಿ ಕಿವಿ ಕೊಡ್ತೀಯ. ವೈರಿಗೂ ಹಂಗೇ ಒಂದು ಕಲ್ಲು ಹಾಕು’ ಎಂದ.

ಕಲ್ಲು ಎಂದರೆ ಒಂದು ಪಲ್ಸು. ವೈರಿನ ಒಂದು ತುದಿಯಿಂದ ಕರೆಂಟನ್ನು ಒಮ್ಮೆಲೇ ಒಳಗೆ ನೂಕಿದರೆ ಅದು ಓಡುತ್ತ ಹೋಗಿ, ವೈರು ತುಂಡಾದ ಜಾಗಕ್ಕೆ ಬಡಿದು ತಿರುಗಿ ಬರುತ್ತದೆ. ಹೋಗಿ ಬರಲು ಹಿಡಿದ ಹೊತ್ತನ್ನು, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪಿನ ಪರದೆಯ ಮೇಲೆ ನೋಡಬಹುದು. ಕಷ್ಟವೆಲ್ಲ ಆ ‘ಒಮ್ಮೆಲೇ’ ಎನ್ನುವುದರಲ್ಲಿದೆ. ಕರೆಂಟು ಇಳಿಜಾರು ಹತ್ತಿದಂತೆ ನಿಧಾನವಾಗಿ ಏರಿದರೆ ಹೋದದ್ದೂ ಬಂದದ್ದೂ ಕಲಸಿಕೊಳ್ಳುತ್ತವೆ. ಗೋಡೆಯ ಹಾಗೆ ನೆಟ್ಟಗೆ ಏರಬೇಕು. ನಮ್ಮ ಮನೆಯಂಥ ಚಿಕ್ಕ ಮನೆಯಲ್ಲಿ ಕಣ್ಣು ಮಿಟುಕಿಸುವುದೂ ಪಲ್ಸು ಹೋಗಿ ಬರುವ ಹೊತ್ತಿನ ಮುಂದೆ ಒಂದು ಯುಗ.

ಸಾಮಾನು ಹೆಚ್ಚಿಲ್ಲ. ಒಂದು ಐಸಿ, ಒಂದೆರಡು ಕೆಪ್ಯಾಸಿಟರ್, ನಾಲ್ಕಾರು ರೆಸಿಸ್ಟರ್, ಬ್ಯಾಟರಿ. ಐಸಿಯೊಳಗೆ ಆರು ಚಿಕ್ಕ ಬಾಗಿಲುಗಳಿವೆ ಎಂದುಕೊ. ಒಂದು ತಾನಾಗಿ ತೆರೆದು ಮುಚ್ಚುತ್ತಿರುತ್ತದೆ. ಉಳಿದವು ಅದನ್ನು ನೋಡಿ ಒಟ್ಟಿಗೆ ದಡಾರನೆ ತೆರೆದುಕೊಂಡು ಪಲ್ಸನ್ನು ಹೊರಗೆ ನೂಕುತ್ತವೆ. ರಾಯರ ಕುದುರೆಯ ಹಾಗೆ ಠೀವಿಯಿಂದ ಕಟ್ಟಿದೆ. ಬಣ್ಣಬಣ್ಣದ ವೈರು, ನೇರವಾದ ಮೂಲೆಗಳು. ಪ್ರತಿ ವೈರನ್ನೂ ಮುಂದೆ ಬಿಚ್ಚುವವನಿಗೆ ಅನುಕೂಲವಾಗಲೆಂದು ಬೆರಳುದ್ದ ಜಾಸ್ತಿ ಬಿಟ್ಟೆ. ನನ್ನ ಕೆಲಸದ ರೀತಿ ನಿನಗೆ ಗೊತ್ತು. ‘ನಿಮ್ಮ ಹೊಲಿಗೆಯಲ್ಲಿ ಯಾವಾಗಲೂ ಒಳಮಡಿಕೆ ಜಾಸ್ತಿ’ ಎಂದು ನೀನೇ ತಮಾಷೆ ಮಾಡುತ್ತಿದ್ದೆ.

ಸ್ಕೋಪಿಗೆ ಹಾಕಿದರೆ ಗೆರೆ ನಿಲ್ಲಲೇ ಇಲ್ಲ. ಏರಿದ ಮೇಲೆ ಜ್ವರ ಬಂದವರ ಕೈಯಂತೆ ನಡುಗುತ್ತಲೇ ಇತ್ತು. ಯಾವುದು ನಡುಕ, ಯಾವುದು ತಿರುಗಿ ಬಂದ ಪಲ್ಸು, ಹೇಳಲಾಗಲಿಲ್ಲ. ಮೂರು ಸಂಜೆ ಐಸಿ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ಸ್ಕೋಪನ್ನೇ ಬೈದೆ. ಸೋಡಾಬುಡ್ಡಿ ಬಂದು ನೋಡಿ, ‘ಏನಯ್ಯಾ ಇದು, ಮದುವೆ ಚಪ್ಪರ ಕಟ್ಟಿದ್ದೀಯಾ? ಆ ಉದ್ದುದ್ದ ವೈರೇ ನಿನ್ನ ರೋಗ, ಎಲ್ಲಾ ಕತ್ತರಿಸು’ ಎಂದ. ಐಸಿಯನ್ನು ಒಂದು ತಾಮ್ರದ ತಗಡಿನ ಮೇಲೆ ಸತ್ತ ಜಿರಲೆಯ ಹಾಗೆ ಕಾಲು ಮೇಲೆ ಮಾಡಿ ಅಂಟಿಸಿದೆವು. ಕೆಪ್ಯಾಸಿಟರನ್ನು ಅದರ ಕಾಲಿಗೇ ಬೆಸೆದೆವು. ಎಲ್ಲಿಯೂ ಅಕ್ಕಿಕಾಳಿಗಿಂತ ಉದ್ದ ಬಿಡಲಿಲ್ಲ. ನೋಡಲು ಅಸಹ್ಯ. ಆದರೆ ಗೆರೆ ನೆಟ್ಟಗೆ ಎದ್ದು ನಿಂತಿತು. ಅವನು ನನ್ನ ಬೆನ್ನಿಗೆ ಗುದ್ದಿದ. ನನಗೆ ಖುಷಿಯಾಗಬೇಕಿತ್ತು, ಯಾಕೋ ಕೂತುಬಿಡೋಣ ಅನ್ನಿಸಿತು. ಅಮ್ಮ ಇದ್ದಿದ್ದರೆ ‘ಇದು ಏನು ಹಾಡತ್ತಪ್ಪಾ?’ ಎಂದು ಕೇಳುತ್ತಿದ್ದಳು.

ಇವತ್ತು ಅದನ್ನು ಮನೆಗೆ ತಂದೆ. ಸೋಡಾಬುಡ್ಡಿಯ ಸ್ಕೋಪನ್ನು ಅಮ್ಮನ ಮಂಚದ ಮೇಲೇ ಇಟ್ಟೆ, ಬೇರೆ ಜಾಗವಿರಲಿಲ್ಲ. ಗೋಡೆಯ ವೈರನ್ನು ಎರಡೂ ಕಡೆ ಬಿಚ್ಚಿ, ತಲೆದಿಂಬಿನ ಕಡೆಯಿಂದ ಪಲ್ಸು ಕೊಟ್ಟೆ. ಗೆರೆ ಏರಿತು, ಸ್ವಲ್ಪ ಮುಂದೆ ಹೋಗಿ ಮತ್ತೊಂದು ಮೆಟ್ಟಿಲು ಏರಿತು. ಆ ಎರಡನೆಯ ಮೆಟ್ಟಿಲೇ ತುಂಡಾದ ಜಾಗ. ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ. ಅದೇ ವೈರಿನ ಉಳಿದ ಸುರುಳಿ ಅಟ್ಟದಲ್ಲಿತ್ತು. ಅದರಿಂದ ಒಂದು ತುಂಡು ತೆಗೆದು ಪಲ್ಸು ಕೊಟ್ಟೆ, ಮೆಟ್ಟಿಲು ದೂರ ಬಂತು. ಒಂದು ಗೇಣು ಕತ್ತರಿಸಿದೆ, ಹತ್ತಿರ ಬಂತು. ಗೋಡೆಯ ವೈರಿನ ಮೆಟ್ಟಿಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಲ್ಲುವವರೆಗೆ ಕತ್ತರಿಸುತ್ತ ಹೋದೆ. ಆಮೇಲೆ ಆ ತುಂಡನ್ನು, ಒಳಗೆ ವೈರು ಹಾಯುವ ಪೈಪಿನ ದಾರಿಯಲ್ಲೇ ಗೋಡೆಯ ಮೇಲೆ ಟೇಪಿನಿಂದ ಅಂಟಿಸಿಕೊಂಡು ಹೋದೆ. ನನ್ನ ಅನುಮಾನವೆಲ್ಲ ಬಾಗಿಲ ಚೌಕಟ್ಟಿನ ಮೇಲಿತ್ತು. ವೈರು ಅಷ್ಟು ದೂರ ಹೋಗಲೇ ಇಲ್ಲ. ಅಮ್ಮ ಹಿಡಿದು ಏಳಲೆಂದು ಮಂಚದ ಪಕ್ಕ ಗೋಡೆಗೆ ಹಾಕಿದ ಕೈಕಂಬಿಯ ಹತ್ತಿರ ಮುಗಿದುಹೋಯಿತು, ಅದರ ಎರಡನೆಯ ಸ್ಕ್ರೂವಿನ ಮೇಲೆ. ನಂಬಿಕೆ ಬರಲಿಲ್ಲ. ನಮ್ಮ ಕೋಣೆಯ ಕಡೆಯಿಂದಲೂ ಹಾಗೇ ಮಾಡಿ ನೋಡಿದೆ. ಆ ತುಂಡು ಅಡುಗೆಮನೆ ದಾಟಿ ಬಂದು ಅದೇ ಸ್ಕ್ರೂ ಮುಟ್ಟಿತು.

ಆ ಕೈಕಂಬಿ ಯಾವತ್ತು ಹಾಕಿದ್ದು ಎಂದು ನಿನಗೆ ನೆನಪಿಸಬೇಕಿಲ್ಲ. ಅಮ್ಮ ಹೋಗುವ ಹಿಂದಿನ ಮಧ್ಯಾಹ್ನ. ಹೊಲಿಗೆ ಕೆಲಸ ಬಿಟ್ಟು, ಮಾಲೀಕರನ್ನು ಒಪ್ಪಿಸಿ, ಬಡಗಿಯನ್ನು ತಾನೇ ಕರೆದುಕೊಂಡು ಬಂದು, ಪಕ್ಕದಲ್ಲಿ ನಿಂತು ಹಾಕಿಸಿದವಳು ಅಕ್ಕ. ‘ಇನ್ನೂ ಸ್ವಲ್ಪ ಮೇಲೆ ಹಾಕಪ್ಪಾ, ಅಮ್ಮನ ಭುಜಕ್ಕೆ ಸರಿ ಬರಲಿ’ ಎಂದವಳೂ ಅವಳೇ. ಮೇಲೆ ಹಾಕಿದಲ್ಲಿ ಪೈಪು ಇತ್ತು, ಸ್ಕ್ರೂ ಅದನ್ನು ತೂರಿ ವೈರನ್ನು ತುಂಡು ಮಾಡಿತು. ಅದನ್ನು ಹಿಡಿದು ಅಮ್ಮ ಸಂಜೆ ತಾನಾಗಿ ಎದ್ದು ಕೂತಾಗ ಅಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳಲ್ಲ. ಅಷ್ಟು ಒಳ್ಳೆಯದು ಮಾಡಿದ ವಸ್ತುವಿನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ಆ ಹೊತ್ತಿನ ಮೇಲೆ ಬೆಲ್ಲು ಮೂಕ. ಅಮ್ಮ ಒತ್ತಿದ್ದಾಳೆ, ಎಷ್ಟು ಸಲವೋ ಗೊತ್ತಿಲ್ಲ. ಆ ಕರೆ ನಮಗೆ ಬರಲಿಲ್ಲ ಅಷ್ಟೇ.

ಬಂದಿದ್ದರೆ ನೀನು ಏಳುತ್ತಿದ್ದೆ. ಇದನ್ನು ನೀನು ದಿನಕ್ಕೊಂದು ಸಲ ಓದು.

ಈಗ ನನ್ನ ಇನ್ನೊಂದು ಸಂಕಟ. ಇದನ್ನು ಅಕ್ಕನಿಗೆ ಹೇಳಿದರೆ ನಿನ್ನ ತಲೆಯ ಭಾರ ಇಳಿದು ಅವಳ ತಲೆಗೆ ಏರುತ್ತದೆ. ಆ ಭಾರ ಎಷ್ಟು ಎಂದು ನಿನಗಿಂತ ಬಲ್ಲವರಿಲ್ಲ. ಹೇಳದಿದ್ದರೆ ನೀನು ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಮಧ್ಯಾಹ್ನದಿಂದ ಅಮ್ಮನ ಕೋಣೆಯಲ್ಲಿ ಕೂತು ಇದನ್ನೇ ಅಳೆದು ಸುರಿದೆ. ವೈರನ್ನು ಇಲಿ ಕಡಿದಿದೆ ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ. ಅಮ್ಮ ಹೋಗುವ ಮುಂಚೆಯೇ ಕಡಿದಿದೆ, ಪೈಪಿನೊಳಗೆ ಒಣಗಿದ ಹಿಕ್ಕೆ ಇತ್ತು ಎನ್ನುತ್ತೇನೆ. ಇಲಿಗೆ ಮಾನ ಹೋಗುವುದಿಲ್ಲ. ಬೀದಿಯವರೂ ನಂಬುತ್ತಾರೆ. ನಿನಗೆ ಮಾತ್ರ ನಿಜ ಬರೆದಿದ್ದೇನೆ. ಅಕ್ಕ ಎದುರಾದಾಗ ನೀನೂ ಇಲಿ ಎಂದೇ ಹೇಳು. ನಿನಗೆ ಮಾಡಿದ್ದಕ್ಕೆ ಇದು ಸರಿಯಾದ ಬಹುಮಾನವಲ್ಲ, ಗೊತ್ತು. ಕೋಪ ಬಂದರೆ ನನ್ನ ಮೇಲೆ ಮಾಡಿಕೊ.

ಬಾ ಎಂದು ಬರೆಯುವುದಿಲ್ಲ. ಮೊದಲು ಚೆನ್ನಾಗಿ ನಿದ್ದೆ ಮಾಡು. ನಿನ್ನ ಅಣ್ಣ ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ
ಇವರು

ಮತ್ತೆ ಸೇರಿಸಿದ್ದು: ಕಾಗದ ಮಡಿಸುತ್ತಿದ್ದಾಗ ಅಕ್ಕ ಬಂದಳು. ಮಂಚದ ಮೇಲಿನ ಸ್ಕೋಪು ನೋಡಿ ಇದೇನು ಎಂದಳು. ವೈರು ಸಿಕ್ಕಿತು, ಇಲಿ ಕಡಿದಿದೆ, ಬಹಳ ಹಿಂದೆಯೇ ಎಂದೆ. ಅವಳು ಗೋಡೆ ನೋಡುತ್ತಿದ್ದಳು. ಅಂಟಿಸಿದ್ದ ವೈರನ್ನು ನಾನು ತೆಗೆದಿರಲಿಲ್ಲ, ದಡ್ಡ. ಊರವರ ಮೈಯಳತೆಯನ್ನೆಲ್ಲ ಕಣ್ಣಲ್ಲೇ ಹಿಡಿಯುವವಳು. ತಲೆದಿಂಬಿನ ಕಡೆಯಿಂದ ಒಂದು ಬೆರಳಿಟ್ಟುಕೊಂಡು ಹೋದಳು, ಬಾಗಿಲ ಕಡೆಯಿಂದ ಇನ್ನೊಂದು ಸಲ ಬಂದಳು. ಎರಡೂ ಸಲ ಅದೇ ಜಾಗದಲ್ಲಿ ನಿಂತಳು.

‘ಇಲಿ ಸ್ಕ್ರೂ ಹಾಕತ್ತೇನೋ?’ ಎಂದಳು.

ಅವಳು ಅಳಲಿಲ್ಲ. ಮಂಚದ ಅಂಚಿಗೆ ಕೂತು ಸೆರಗಿನ ತುದಿಯನ್ನು ಮಡಿಸುತ್ತ, ಬಿಡಿಸುತ್ತ ಇದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ. ಆಮೇಲೆ, ಅವಳಿಗೆ ಬರೆದೆಯಾ ಎಂದು ಕೇಳಿದಳು. ಬರೆದೆ, ನಾಳೆ ಅಂಚೆಗೆ ಹಾಕುತ್ತೇನೆ ಎಂದೆ. ‘ಅಂಚೆಗೆ ಬೇಡ, ಇಲ್ಲಿ ಕೊಡು. ಅಂದ ಬಾಯಿ ನಂದು, ಕಾಗದ ಹೋಗಿ ಏನು ಹೇಳತ್ತೆ?’ ಎಂದಳು. ಸ್ವಲ್ಪ ದಿನ ಕಳೆಯಲಿ ಅಕ್ಕಾ ಎಂದರೆ, ‘ನೀನು ಸುಮ್ಮನಿರು, ಇಲಿ ಸಾಕುವವನೇ’ ಎಂದಳು. ಇಲಿಯ ಮಾತನ್ನು ಮೇಲೆ ಹೊಡೆದುಹಾಕಿಲ್ಲ, ಹಾಗೇ ಬಿಟ್ಟಿದ್ದೇನೆ. ಈ ಸಾಲು ಮುಗಿಯುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದಾಳೆ.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತಾಳೆ.